ಅಣ್ಣನ ಬಿಸಿಲು ಹಲಗೆ

ನಮ್ಮಣ್ಣನ ಅಂಗಿಗಳಿಗೆಲ್ಲ ಹೊಟ್ಟೆಯ ಹತ್ತಿರ ಸಾಸಿವೆ ಕಾಳಿನಷ್ಟು ತೂತುಗಳಿದ್ದವು. ಬ್ಯಾಟರಿಯ ಆಸಿಡ್ ಸಿಡಿದು ಆದವು. ಹೊಲಿದು ಹೊಲಿದು ಸೋತ ಅಮ್ಮ, "ಇವನಿಗೆ ಇನ್ನು ಗೋಣಿಚೀಲದಾಗೆ ಅಂಗಿ ಹೊಲಿಸ್ಬೇಕು" ಎನ್ನುತ್ತಿದ್ದಳು.

ಎಂಬತ್ತರ ದಶಕದ ಮಾತು. ಅಣ್ಣ ಹೊಸೂರಿನ ಪಕ್ಕದ ಮೂಕಂಡಪಲ್ಲಿಯ ಒಂದು ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊರುವ ಹೆಲ್ಪರ್ ಆಗಿದ್ದ. ನಮ್ಮ ಬೀದಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಕಾರ್ಖಾನೆಯ ಮೂಲೆಯಲ್ಲಿ ಬೇಡವಾಗಿ ಬಿದ್ದಿದ್ದ ಸೋಲಾರ್ ಹಲಗೆಯೊಂದನ್ನು ಇಂಜಿನಿಯರನ್ನು ಕೇಳಿ, ಸೈಕಲ್ಲಿಗೆ ಕಟ್ಟಿಕೊಂಡು ತಂದ. ಜೂಜುವಾಡಿಯ ಲಾರಿ ರಿಪೇರಿ ಅಂಗಡಿಯಿಂದ ಹಳೆಯ ಬ್ಯಾಟರಿ ಬಂತು, ಲಾರಿಯ ಬಲ್ಬೂ ಬಂತು. ಹಲಗೆಯನ್ನು ಚಪ್ಪಡಿ ಮಾಳಿಗೆಯ ಮೇಲೆ ಕೂರಿಸುವಾಗ ಅಮ್ಮ ಕೆಳಗಿನಿಂದ ಕೂಗಿದಳು:

"ಏನ್ಲಾ ಅದು, ಅಷ್ಟು ದೊಡ್ಡ ಕನ್ನಡಿ? ಸೂರ್ಯ ಬಂದು ತಲೆ ಬಾಚ್ಕೋತಾನಾ?"

"ಬಾಚ್ಕೊಳ್ಳಿ ಬಿಡಮ್ಮ. ಹಗಲು ಅದು ಎಷ್ಟು ಉಣ್ತದೋ, ಕತ್ತಲಾದ ಮೇಲೆ ನಮ್ಗೆ ಅಷ್ಟು ಬೆಳಕು ಇಕ್ತದೆ."

ದಿನಾ ಕೆಲಸಕ್ಕೆ ಹೊರಡುವ ಮುಂಚೆ ಒದ್ದೆ ಬಟ್ಟೆಯಿಂದ ಗಾಜು ಒರೆಸುತ್ತಿದ್ದ. ಸಂಜೆ ದೀಪ ಹೊತ್ತಿದ್ದು ಎಷ್ಟಕ್ಕೆ, ಆರಿದ್ದು ಎಷ್ಟಕ್ಕೆ ಎಂದು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದ. ಮೋಡದ ದಿನ ಎರಡು ಗಂಟೆ, ಒಳ್ಳೆ ಬಿಸಿಲಾದರೆ ನಾಲ್ಕು. ಹಳೆಯ ಬ್ಯಾಟರಿ, ಇವತ್ತಿನ ಬಿಸಿಲು ನಾಳೆಗೆ ಉಳಿಯುತ್ತಿರಲಿಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಹಗಲೆಲ್ಲ ಮನೆಯಲ್ಲಿ ಇರುತ್ತಿದ್ದೆ. ಹಲಗೆಯ ಕಾವಲು ನನಗೇ ಒಪ್ಪಿಸಿದ್ದ. "ಅದ್ರ ಮೇಲೆ ಒಂದು ಟವಲ್ಲೂ ಒಣಗಾಕ್ಬೇಡ ಕಣೇ" ಎಂದು ಎಷ್ಟು ಸಲ ಹೇಳಿದ್ದನೋ.

ಬೇಸಿಗೆಯಲ್ಲಿ ಒಂದು ದಿನ ಕುಣಿದುಕೊಂಡೇ ಬಂದ. ದೀಪ ಸಂಜೆ ಆರರಿಂದ ಹತ್ತರವರೆಗೆ ಉರಿಯುತ್ತದೆ ಎಂದರೆ ಇಂಜಿನಿಯರ್ ನಂಬಲಿಲ್ಲವಂತೆ. ನಾಳಿದ್ದು ಅವರೇ ಊಟಕ್ಕೆ ಬಂದು ನೋಡುತ್ತಾರೆ, ನಿಜವಾದರೆ ಅಣ್ಣನನ್ನು ಎಲೆಕ್ಟ್ರಿಕಲ್ ಸೆಕ್ಷನ್ನಿಗೆ ಹಾಕಿಸುತ್ತಾರೆ. "ಇನ್ನ ಪೆಟ್ಟಿಗೆ ಹೊರೋದು ತಪ್ಪತದೆ ಕಣೇ" ಎಂದ.

ಅವರು ಬರುವ ದಿನ ಎಲೆಗೆ ಬಡಿಸಲು ಏನಾದರೂ ಕರಿದಿಡಬೇಕು ಎನಿಸಿತು. ಬೆಳಿಗ್ಗೆ ಅಕ್ಕಿ ಸಂಡಿಗೆ ಮಾಡಿದೆ. ಬಟ್ಟೆಯ ಮೇಲೆ ಹಾಕಿದರೆ ಎರಡು ದಿನ ಬೇಕು. ಹಲಗೆಯ ಗಾಜು ಮುಟ್ಟಿದರೆ ಕೈ ಸುಡುತ್ತಿತ್ತು. ಅರ್ಧಕ್ಕೆ ಸಂಡಿಗೆ ಇಟ್ಟೆ. ಉಳಿದರ್ಧ ಬಿಸಿಲು ಕುಡಿಯಲಿ, ಒಂದು ಗಂಟೆ ಕಡಿಮೆ ಉರಿದರೆ ಏನಾಯಿತು, ಅದು ನನ್ನ ಬುದ್ಧಿ. ಮೂರು ಗಂಟೆಗೆ ಗರಿಗರಿಯಾಗಿ ಬಿಟ್ಟುಕೊಂಡವು. ಗಾಜಿನ ಮೇಲಿನ ಬಿಳಿ ಗುರುತು ಒರೆಸಿಬಿಟ್ಟೆ.

ಸಂಜೆ ಇಂಜಿನಿಯರ್ ಚಾಪೆಯ ಮೇಲೆ ಕೂತರು. ಸಂಡಿಗೆ ಮುರಿದು ಬಾಯಿಗಿಟ್ಟುಕೊಂಡು, "ರೊಂಬ ನಲ್ಲಾ ಇರುಕ್ಕಮ್ಮಾ!" ಎಂದು ತಮಿಳಿನಲ್ಲೇ ಹೊಗಳಿ ನಕ್ಕರು. ಅವರು ಸಾರನ್ನಕ್ಕೆ ಕೈ ಹಾಕುವಷ್ಟರಲ್ಲಿ ಬಲ್ಬು ಕೆಂಪಾಯಿತು. ಮಜ್ಜಿಗೆ ಬಡಿಸುವ ಮೊದಲೇ ಆರಿತು. ಇನ್ನೂ ಏಳೂವರೆ. ಅಮ್ಮ ಸೀಮೆಎಣ್ಣೆ ಬುಡ್ಡಿ ಹಚ್ಚಿದಳು.

"ಪರವಾಯಿಲ್ಲಪ್ಪಾ" ಎಂದರು ಅವರು. ಅಣ್ಣ ನಿಂತೇ ಇದ್ದ. "ಎಲ್ಲೋ ನನ್ನ ಲೆಕ್ಕ ತಪ್ಪೋಯ್ತು ಸಾರ್" ಎಂದ.

ಬಡಿಸುವ ಸೌಟು ನನ್ನ ಕೈಯಲ್ಲೇ ಇತ್ತು. ಬುಡ್ಡಿಯ ಬೆಳಕಿನಲ್ಲೇ ಮಜ್ಜಿಗೆ ಬಡಿಸಿದೆ. ಸಂಡಿಗೆಯ ಮಾತು ಎತ್ತಿದರೆ ಬಂದವರ ಮುಂದೆ ಅಮ್ಮ ಬೈಯುತ್ತಾಳೆ ಎಂಬುದಷ್ಟೇ ಆಗ ನನ್ನ ಭಯ.

ಮರುದಿನ ಅಣ್ಣ ಹಲಗೆ ಇಳಿಸಿ ಹಿತ್ತಲಿನ ಗೋಡೆಗೆ ಒರಗಿಸಿದ. ಪೆಟ್ಟಿಗೆ ಹೊರುವುದು ತಪ್ಪಲಿಲ್ಲ. ಬೀದಿಗೆ ಕರೆಂಟು ಬಂದ ಮೇಲೆ, ಮೊದಲಾದರೆ ತಾನೇ ಬಿಚ್ಚಿ ಕೂರುತ್ತಿದ್ದವನು, ಸ್ವಿಚ್ಚು ಕೆಟ್ಟರೂ "ಬೇರೆ ಯಾರನ್ನಾದ್ರೂ ಕರೀರಿ, ನಂಗೆ ಅವೆಲ್ಲ ಬರಲ್ಲ" ಎನ್ನುತ್ತಿದ್ದ. ಹಲಗೆಯ ಒಂದು ಮೂಲೆ ಮುಚ್ಚಿದರೂ ಇಡೀ ಹಲಗೆ ಸೊರಗುತ್ತದೆ ಎಂದು ಹಾಗೆ ಬಂದ ರಿಪೇರಿಯವನೊಬ್ಬ ಹೇಳಿದಾಗಲೇ ನನಗೆ ತಿಳಿದದ್ದು. ಅಣ್ಣನ ಲೆಕ್ಕ ಸರಿಯಾಗೇ ಇತ್ತು.

ಆ ದಶಕ ಮುಗಿಯುವ ಮೊದಲೇ ಅಣ್ಣನಿಗೆ ಕಾಮಾಲೆಯಾಯಿತು. ಹೊಸೂರಿನ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಧೈರ್ಯ ಮಾಡಿ ಪಕ್ಕದಲ್ಲಿ ಕೂತೆ.

"ಅಣ್ಣಾ, ಅವತ್ತು ಇಂಜಿನಿಯರ್ ಬಂದಿದ್ರಲ್ಲ, ದೀಪ..."

ಅವನು ಮುಖ ಗೋಡೆಯ ಕಡೆ ತಿರುಗಿಸಿಕೊಂಡ. "ಅದನ್ನ ಯಾಕೆ ಎತ್ತೀಯೇ? ಇವತ್ತಿಗೂ ನೆನೆಸ್ಕೊಂಡ್ರೆ ನಾಚಿಕೆ ಆಯ್ತದೆ."

ಆಗಲಾದರೂ ಹೇಳಬೇಕಿತ್ತು. ಅವನ ಕಾಲು ಒತ್ತುತ್ತ ಕೂತೆ. ಮೂರನೆಯ ದಿನ, ನನ್ನ ನಾಚಿಕೆಯನ್ನೂ ತನ್ನದೆಂದುಕೊಂಡೇ, ಹೋಗಿಬಿಟ್ಟ.