ರಾಯರ ಹೆಸರಲ್ಲಿ ವ್ಯಾಯಾಮ

ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸೋದು ನನ್ನ ಕೆಲಸ. ಚಾಮರಾಜಪೇಟೆಯ ರಾಯರೊಬ್ಬರಿಗೆ ಭುಜ ಹಿಡಿದುಕೊಂಡಿತ್ತು. ಗೋಡೆ ಮೇಲೆ ಬೆರಳು ಹತ್ತಿಸುತ್ತಾ ಕೈ ಎತ್ತುವ ವ್ಯಾಯಾಮವನ್ನು ಅವರ ನೋವಿಗೆ ತಕ್ಕಂತೆ ಬರೆದುಕೊಟ್ಟಿದ್ದೆ. ಮೂರು ವಾರವಾದರೂ ಕೈ ಕಿವಿಯವರೆಗೂ ಏಳಲಿಲ್ಲ.

"ನಿಜ ಹೇಳಿ ಸಾರ್, ದಿನಾ ಮಾಡ್ತಿದೀರಾ?"

"ಒಂದು ದಿನಾನೂ ತಪ್ಪಿಲ್ಲಮ್ಮ," ಅಂದರು ರಾಯರು, ಪೇಪರಿನಿಂದ ತಲೆ ಎತ್ತದೆ.

ಅವರ ಹೆಂಡತಿ ಒಳಗಿಂದ ಬಂದರು. "ನಾನೇ ಮಾಡ್ತಿದೀನಲ್ಲಮ್ಮ! ಇವರ ಗೋತ್ರ, ನಕ್ಷತ್ರ ಹೇಳಿ ಸಂಕಲ್ಪ ಮಾಡ್ಕೊಂಡೇ ಶುರು ಮಾಡೋದು. ಇವರ ಏಕಾದಶಿ ಉಪವಾಸಾನೂ ನಾನೇ ಅಲ್ವಾ ಮಾಡೋದು?" ಅನ್ನುತ್ತಾ ಎರಡೂ ಕೈ ಸಲೀಸಾಗಿ ಎತ್ತಿ ಬೀರು ಮೇಲಿದ್ದ ಕೋಡುಬಳೆ ಡಬ್ಬ ಇಳಿಸಿದರು.

ನಾನು ಗದರಬೇಕಿತ್ತು. ಆದರೆ ನನ್ನ ಬೆನ್ನುನೋವಿಗೆ ನಾನೇ ಬರೆದುಕೊಂಡ ವ್ಯಾಯಾಮ ತಿಂಗಳಿಂದ ನಿಂತುಹೋಗಿತ್ತು. ಹೊರಡುವಾಗ ಆಕೆಯ ಕಿವಿಯಲ್ಲಿ ನನ್ನ ಗೋತ್ರ, ನಕ್ಷತ್ರಾನೂ ಹೇಳಿ ಬಂದೆ.