ಸೀರೆ ಉಟ್ಟವರು ಹತ್ತಬಾರದ ಮೆಟ್ಟಿಲು

ಗೆಳತಿಯರೇ, ಇವತ್ತು ನಿಪ್ಪಾಣಿಯ ಒಂದು ಅಂಗಡಿಯಲ್ಲಿ ನನ್ನನ್ನು ಮೆಟ್ಟಿಲು ಹತ್ತಲು ಬಿಡಲಿಲ್ಲ. ನಿಂತಲ್ಲೇ ಮೆಟ್ಟಿಲು ಹತ್ತಿದಂತೆ ತುಳಿಯುವ ಸ್ಟೆಪ್ಪರ್ ಯಂತ್ರ ಅದು. ದಿನವಿಡೀ ಬಟ್ಟೆ ಹೊಲಿಯುತ್ತ ಕೂತು ನನಗೆ ಶುಗರ್ ಬಂದಿದೆ. ಕಾಲಾಡಿಸಿ ಎಂದಿದ್ದಾರೆ ಡಾಕ್ಟರು. ಅಂಗಡಿಯಲ್ಲಿದ್ದ ಎರಡು ಬಗೆಯನ್ನೂ ನನ್ನ ಟೇಪಿನಿಂದಲೇ ಅಳೆದೆ. ಹಿಡಿಕೆಯದ್ದು ಮನೆಗೆ ದೊಡ್ಡದು, ಸಣ್ಣದು ಮಂಚದಡಿ ಹೋಗುತ್ತದೆ. ತುಳಿದು ನೋಡುತ್ತೇನೆ ಎಂದರೆ ಮಾಲೀಕರು ಅಡ್ಡ ಬಂದರು.

"ಸೀರಿ ಸಿಕ್ಕೊಂಡ್ ಬೀಳ್ತೀರಿ ಅಕ್ಕಾರ. ಪ್ಯಾಂಟ್ ಹಾಕ್ಕೊಂಡ್ ಬರ್ರಿ."

"ತೊಡಿಸಿ ನೋಡಲಾರ್ದ ನಾ ಒಂದ್ ಜಂಪರ್ ಸುದ್ದಾ ಕೊಡಂಗಿಲ್ರಿ. ತುಳದ್ ನೋಡಲಾರ್ದ ಇದನ್ನ ಹೆಂಗ ಒಯ್ಯಲಿ?"

ನಾವು ವಾದಿಸುತ್ತಿರುವಾಗಲೇ, ಜೊತೆಗೆ ಬಂದಿದ್ದ ನನ್ನ ಅತ್ತೆ ಯಂತ್ರ ಹತ್ತಿಬಿಟ್ಟಿದ್ದರು. ಉಟ್ಟಿದ್ದು ಒಂಬತ್ತು ಗಜದ ಕಚ್ಚೆ ಸೀರೆ. ಐವತ್ತು ಸಲ ತುಳಿದು ಇಳಿದರು.

"ಇದನ್ನ ಉಟ್ಕೊಂಡ ಕಬ್ಬ ಕಡದೇನಿ, ತಮ್ಮಾ. ನಿನ್ನ ಎರಡ ಪಾವಟಿಗಿ ಯಾವ ಲೆಕ್ಕ?"

ನಾನೂ ನನ್ನ ಆರು ಗಜಕ್ಕೆ ಕಚ್ಚೆ ಕಟ್ಟಿ, ಅಲ್ಲೇ ಎಲ್ಲರೆದುರು ನೂರು ಸಲ ತುಳಿದೆ. ಸಣ್ಣದನ್ನೇ ತಂದೆ.

ಮಾಲೀಕರು ಹೇಳಿದ ಪ್ಯಾಂಟನ್ನೂ ಹೊಲಿಯುತ್ತೇನೆ, ಅವರಿಗೇ. ಅಳತೆ ಕೊಡಲು ಬರಬೇಕಿಲ್ಲ. ಸೊಂಟ ನಲವತ್ತನಾಲ್ಕೆಂದು ಕಣ್ಣಲ್ಲೇ ತೆಗೆದುಕೊಂಡಿದ್ದೇನೆ. ಆ ಹಿಡಿಕೆಯ ಸ್ಟೆಪ್ಪರ್ ಮಾತ್ರ ಮಾರದೆ ತಮಗೇ ಇಟ್ಟುಕೊಳ್ಳಲಿ.