ಮಂಕಿ ಟೋಪಿಯಲ್ಲಿ ರೇಷ್ಮೆ ಗೂಡು

ನಿಜ ಹೇಳಿ, ಮಾಗಿ ಚಳಿಯಲ್ಲಿ ನಿಮ್ಮ ಮನೆಯ ಬೆಚ್ಚನೆಯ ಜಾಗ ಯಾರದು? ನಿಮ್ಮದೇ ಅಂದುಕೊಂಡಿದ್ದರೆ, ನೀವು ರೇಷ್ಮೆ ಹುಳು ಸಾಕಿದವರಲ್ಲ ಬಿಡಿ.

ಈ ಬೆಳಿಗ್ಗೆ ನಮ್ಮ ರಾಮನಗರದ ಮನೆಯ ಕಿಟಕಿ ತೆಗೆದರೆ ಬೆಟ್ಟವೇ ಇಲ್ಲ. ಅಷ್ಟು ದೊಡ್ಡ ಬಂಡೆಯನ್ನು ಮಂಜು ಸದ್ದಿಲ್ಲದೆ ಎತ್ತಿಕೊಂಡು ಹೋಗಿತ್ತು. ಒಳಗೆ ಮೊಮ್ಮಗಳು ತಂದ ಹೀಟರ್ ಮುಂದೆ ನಮ್ಮ ಯಜಮಾನರು ಮಂಕಿ ಟೋಪಿ ಎಳೆದುಕೊಂಡು, ಮೂಗೊಂದನ್ನೇ ಹೊರಗಿಟ್ಟು ತೂಕಡಿಸುತ್ತಿದ್ದರು. ಕಾದ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಹಳೆಯ ಟೋಪಿಯ ಕತೆ ನೆನಪಾಗಿ ನನಗೆ ನಗು ತಡೆಯಲಾಗಲಿಲ್ಲ, ಬರೆಯೋಣವೆಂದು ಫೋನು ಕೈಗೆತ್ತಿಕೊಂಡೆ. ಮೊನ್ನೆ ತಾನೇ ಮೊಮ್ಮಗಳು ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿಸಿದ್ದಾಳೆ. ನಾನೊಂದು ಪದ ಕುಟ್ಟಿದರೆ ಮುಂದಿನದನ್ನು ಫೋನೇ ಹೇಳಿಕೊಡುತ್ತದೆ. ನನಗೆ ಮಾತು ಹೇಳಿಕೊಡುವ ಧೈರ್ಯ ಈ ಮನೆಯಲ್ಲಿ ಇನ್ನಾರಿಗೂ ಇಲ್ಲ.

ನನ್ನ ತವರು ಕನಕಪುರದ ಹತ್ತಿರ. ಚಳಿಗೆ ಹುಳು ಮಂಕಾಗಿ ಸೊಪ್ಪು ತಿನ್ನುವುದಿಲ್ಲ ಅಂತ ಅವ್ವ ಹುಳುಮನೆಯಲ್ಲಿ ಬಾಣಲಿ ತುಂಬ ಕೆಂಡ ಇಡುತ್ತಿದ್ದಳು. ಮಕ್ಕಳಾದ ನಾವು ನಡುಮನೆಯಲ್ಲಿ ಗೋಣಿಚೀಲ ಹೊದ್ದು ನಡುಗುತ್ತಿದ್ದೆವು. ರೋಗ ತಂದಾರು ಅಂತ ಹೊರಗಿನವರನ್ನು ಆ ಹೊಸಿಲು ದಾಟಲು ಬಿಡುತ್ತಿರಲಿಲ್ಲ. ನಾವೂ ಕೈಕಾಲು ತೊಳೆದೇ ಹೋಗಬೇಕು, ಅದೂ ಐಸಿನಂಥ ನೀರಿನಲ್ಲಿ. ದೇವರ ಗೂಡಿಗೂ ನಮ್ಮಲ್ಲಿ ಅಷ್ಟು ಮಡಿ ಇರಲಿಲ್ಲ.

ಸಂಕ್ರಾಂತಿ ಕಳೆದ ಒಂದು ಬೆಳಿಗ್ಗೆ ಮಾಗಡಿ ಕಡೆಯಿಂದ ನನ್ನನ್ನು ನೋಡಲು ಈ ಯಜಮಾನರೇ ಬಂದರು, ಜೊತೆಗೆ ಅವರ ಸೋದರಮಾವ. ಆಗಿನ್ನೂ ಯಜಮಾನರಾಗಿರಲಿಲ್ಲ, ಆದ್ದರಿಂದ ‘ಹುಡುಗ’ ಅನ್ನುತ್ತೇನೆ. ಮಂಜಿನಲ್ಲಿ ಊರು ಕಾಣದೆ ಮುಂದಿನ ಸ್ಟಾಪಿನಲ್ಲಿಳಿದು, ಇಬ್ಬನಿ ಹುಲ್ಲಿನಲ್ಲಿ ವಾಪಸ್ಸು ನಡೆದು ಬಂದಿದ್ದರು. ಬಾಗಿಲ ಸಂದಿಯಿಂದ ನೋಡಿದೆ: ಟೋಪಿಯೊಳಗೆ ಎರಡು ಕಣ್ಣು, ಹನಿ ತೂಗುವ ಒಂದು ಮೂಗು. ಯಾಕೋ ಇಷ್ಟವಾಯಿತು.

ಚಳಿಗೆ ಹಸು ಹಾಲಿನ ಸೊರೆ ಬಿಡದೆ ಸತಾಯಿಸಿ, ನಾನು ಕಾಫಿ ತರುವ ಹೊತ್ತಿಗೆ ಹುಡುಗನೇ ಇಲ್ಲ! ಹಿತ್ತಲಿಗೆ ಹೋದವನು ಬಂದಿರಲಿಲ್ಲ. ಹುಡುಕಿದರೆ ಹುಳುಮನೆಯಲ್ಲಿ, ಕೆಂಡದ ಪಕ್ಕ, ಬಿದಿರು ಹೆಣೆದ ಚಂದ್ರಿಕೆ ತಟ್ಟಿಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಟ್ಟಿದ್ದ, ಸೊಪ್ಪು ತಿಂದು ಹಣ್ಣಾದ ಹುಳುಗಳಲ್ಲಿ ಎರಡಕ್ಕೆ ಅವನ ಟೋಪಿಯ ಮಡಿಕೆಯೇ ಹಿತವಾಗಿತ್ತು. ಆಗಲೇ ನೂಲು ಸುತ್ತತೊಡಗಿದ್ದವು.

“ಅಲ್ಲಾಡ್ಬ್ಯಾಡ ಕಣಪ್ಪ!” ಅವ್ವ ಕಿರುಚಿದಳು. “ಹುಳ ನೂಲು ಬುಟ್ಬುಟ್ಟೈತೆ. ಮೆತ್ತಗೆ ತಲೆ ಎಳ್ಕೊ, ಟೋಪಿ ಅಲ್ಲೇ ಇರ್ಲಿ.”

ಮಾವನಿಗೆ ರೇಗಿತು. “ಏನಮ್ಮ, ನಮ್ ಹುಡ್ಗ ಹೆಚ್ಚೋ, ನಿಮ್ ಹುಳ ಹೆಚ್ಚೋ?”

“ಹುಳ ಹಣ್ಣಾಗೈತೆ ಕಣಣ್ಣ. ನಿಮ್ ಹುಡ್ಗ ಇನ್ನೂ ಕಾಯಿ.”

ಮಾವ ಕಾಫಿ ಮುಟ್ಟದೆ ಎದ್ದರು. ಹುಡುಗ ಕಿವಿಗೆ ಟವಲು ಸುತ್ತಿಕೊಂಡು ಅವರ ಹಿಂದೆ ಹೋದ. ಗೇಟು ದಾಟುವಷ್ಟರಲ್ಲಿ ಮಂಜು ಇಬ್ಬರನ್ನೂ ಅಳಿಸಿಹಾಕಿತು. ಎರಡು ಹುಳುವಿಗೆ ಒಬ್ಬ ಅಳಿಯ! ನಾನು ಹುಳುಮನೆಗೆ ಹೋಗಿ ಅತ್ತೆ; ಅಳುವುದಕ್ಕೂ ಬೆಚ್ಚನೆಯ ಜಾಗ ಅದೊಂದೇ.

ಗೂಡು ಬಿಡಿಸುವ ದಿನ ಹುಡುಗನೊಬ್ಬನೇ ಬಂದ. “ಟೋಪಿ ಬುಟ್ಟೋಗಿದ್ದೆ” ಅಂದ. ಹಾಗಂದವನು ಹಂಡೆಯ ತಣ್ಣೀರಿನಲ್ಲಿ ಕೈಕಾಲು ತೊಳೆದು, ಹಲ್ಲು ಕಟಕಟ ಅನ್ನಿಸುತ್ತ ಹುಳುಮನೆಯ ಹೊಸಿಲಾಚೆಯೇ ನಿಂತ. ಅವ್ವ ಅವನ ಒದ್ದೆ ಪಾದ ನೋಡಿದಳು. “ಒಳೀಕ್ ಬಾಪ್ಪ” ಅಂದಳು. ನಮ್ಮ ಕಡೆ ಅದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ.

ಅಂದಿನಿಂದ ಒಂದು ಅನುಮಾನವೂ ನಮ್ಮ ಜೊತೆಯೇ ಸಂಸಾರ ಮಾಡಿಕೊಂಡಿದೆ: ಇವರು ಬಂದದ್ದು ನನಗೋ, ಟೋಪಿಗೋ? ಊರಿಗೆಲ್ಲ ಬಾಯಿ ಮಾಡುವ ನಾನು ಇದೊಂದನ್ನು ಕೇಳಿರಲಿಲ್ಲ. ಟೋಪಿಗೆ ಅಂದುಬಿಟ್ಟರೆ? ಇವತ್ತು ಇಷ್ಟನ್ನೂ ಟೈಪ್ ಮಾಡಿ, ಹೀಟರ್ ಪಕ್ಕ ಕೂತು ಗಟ್ಟಿಯಾಗಿ ಓದಿ, ಕೇಳಿಯೇಬಿಟ್ಟೆ.

ಟೋಪಿಯೊಳಗಿನ ಮೂಗು ನಿಧಾನವಾಗಿ ನನ್ನ ಕಡೆ ತಿರುಗಿತು.

“ಅಲ್ಲ ಕಣಮ್ಮಿ, ಮಾಗಡಿ ಸಂತೇಲಿ ಟೋಪಿ ಸಿಕ್ತಿರ್ನಿಲ್ವಾ?”